ಯಾರು ಓಡು ಅಂದ್ರು ನಿಂಗೆ?

ಟ್ರೇಲ್ ರೇಸ್ (ಕಾಡು, ಬೆಟ್ಟದ ಕಾಲುದಾರೀಲಿ ಓಡೋ ಪಂದ್ಯ) ಹಿಂದಿನ ದಿನ ಬಿಬ್, ಅಂದ್ರೆ ಎದೆ ಮೇಲೆ ಹಾಕೋ ನಂಬರ್ ಚೀಟಿ, ತಗೊಳ್ಳೋಕೆ ನಿಂತ ಸಾಲಲ್ಲಿ ಪರಿಚಯ ಆಗೋ ಜನ ಗಂಡಸರನ್ನ ಕೇಳೋ ಪ್ರಶ್ನೆನೇ ಬೇರೆ, ನನ್ನಂಥವರನ್ನ ಕೇಳೋದೇ ಬೇರೆ. ಅವರಿಗಾದ್ರೆ ಯಾವ ಶೂ, ವಾರಕ್ಕೆ ಎಷ್ಟು ಕಿಲೋಮೀಟರ್, ಓಡುವಾಗ ಎನರ್ಜಿ ಜೆಲ್ ತಗೋತೀರೋ ಖರ್ಜೂರ ತಿಂತೀರೋ. ನಂಗೆ ಮಾತ್ರ "ಮನೇಲಿ ಏನೂ ಅನ್ನಲ್ವಾ ಮೇಡಂ?" ಮೊದಲೆಲ್ಲ ಇದಕ್ಕೆ ಮೈ ಉರೀತಿತ್ತು, ಪಕ್ಕದಲ್ಲೇ ನಿಂತಿರೋ ಎರಡು ಮಕ್ಕಳ ತಂದೆನ ಯಾಕೆ ಕೇಳಲ್ಲ ಇದನ್ನ ಅಂತ. ಅವರನ್ನೂ ಕೇಳ್ಬೇಕು, ಅದು ಬೇರೆ ಮಾತು. ಆದ್ರೆ ಈ ಸಲ ಟ್ರೇನಿಂಗ್ ಶುರು ಆದಾಗಿಂದ ಆ ಪ್ರಶ್ನೆ ತಲೇಲಿ ಸುಮ್ನೆ ಸುತ್ತುತಾ ಇದೆ. ಯಾಕಂದ್ರೆ ಮನೇಲಿ ಅಂತಾರೆ, ಅನ್ನೋದು ನಿಜ, ಆದ್ರೆ ಜನ ಅಂದ್ಕೊಂಡಿರೋ ವಿಷಯಕ್ಕಲ್ಲ.

ಜನ ಅಂದ್ಕೊಂಡಿರೋದು ಟೈಮ್ ವಿಷಯ. ಅಯ್ಯೋ ಭಾನುವಾರ ಪೂರ್ತಿ ಹೋಗುತ್ತಲ್ಲ, ಮಗಳನ್ನ ಯಾರು ನೋಡ್ಕೋತಾರೆ, ತಿಂಡಿ ಯಾರು ಮಾಡ್ತಾರೆ. ಇದಕ್ಕೆಲ್ಲ ಉತ್ತರ ಇದೆ ಮತ್ತೆ ಆ ಉತ್ತರ ತುಂಬಾ ಬೋರಿಂಗ್. ಬೆಳಗ್ಗೆ ಕತ್ತಲಲ್ಲೇ ಎದ್ದು ಹೋಗ್ತೀನಿ, ಮನೆ ಏಳೋದೇ ಎಂಟಕ್ಕೆ, ಮಗಳು ಒಂಬತ್ತನೇ ಕ್ಲಾಸು, ಅವಳನ್ನ ನೋಡ್ಕೊಳ್ಳೋದು ಅಂದ್ರೆ ಅವಳಿಗೇ ಅವಮಾನ. ಇವರು ಕಾಫಿ ಹಾಕ್ತಾರೆ, ಉಪ್ಪಿಟ್ಟು ಮಾಡ್ತಾರೆ, ಇಲ್ಲಾಂದ್ರೆ ದರ್ಶಿನಿಯಿಂದ ಇಡ್ಲಿ ವಡೆ ಕಟ್ಟಿಸ್ಕೊಂಡು ಬರ್ತಾರೆ. ನಾನು ವಾಪಸ್ ಬರೋ ಹೊತ್ತಿಗೆ ಪೇಪರ್ ಕೂಡ ಓದಿ ಮುಗಿದಿರಲ್ಲ. ಓಟಕ್ಕೂ ಸಂಸಾರಕ್ಕೂ ಟೈಮ್ ಹೊಂದಿಸೋದು ಹೇಗೆ ಅಂತ ಬರೆಯೋರೆಲ್ಲ ಒಂದು ಟೈಮ್‌ಟೇಬಲ್ ಹಾಕಿ ಕೊಟ್ಟು ಕೈ ತೊಳ್ಕೋತಾರೆ. ಟೈಮ್‌ಟೇಬಲ್ ಹಾಕೋದ್ರಲ್ಲಿ ನಮ್ಮ ಹೆಂಗಸರಿಗೆ ಯಾರೂ ಪಾಠ ಹೇಳ್ಬೇಕಾಗಿಲ್ಲ. ನನ್ನ ತಕರಾರು ಆ ಟೈಮ್‌ಟೇಬಲ್‌ನಲ್ಲಿ ಕಾಣಿಸದೇ ಇರೋ ಒಂದರ ಬಗ್ಗೆ. ಬೆಳಗ್ಗೆ ಐದಕ್ಕೆ ಹೋದ ಹೆಂಗಸು ಹತ್ತಕ್ಕೆ ವಾಪಸ್ ಬರ್ತಾಳಲ್ಲ, ಅವಳ ಜೊತೆ ಒಂದು ಸುಸ್ತು ಮನೆ ಒಳಗೆ ಬರುತ್ತೆ. ಅದನ್ನ ಎಲ್ಲಿ ಇಡ್ಬೇಕು ಅಂತ ನಮ್ಮನೇಲಿ ಯಾರಿಗೂ ಗೊತ್ತಿಲ್ಲ.

ಸೋಮವಾರದ ಕಾಲು

ನಾನು ಓಡೋದು ಹೆಚ್ಚಾಗಿ ತುರಹಳ್ಳಿ ಕಾಡಲ್ಲಿ. ಬನಶಂಕರಿ ಆರನೇ ಸ್ಟೇಜ್ ಕಡೆ ಇರೋರಿಗೆ ಹೇಳೋದೇ ಬೇಡ. ಬೆಂಗಳೂರು ದಕ್ಷಿಣದಲ್ಲಿ ಕಾಡು ಅಂತ ಕರೆಯೋಕೆ ಉಳ್ಕೊಂಡಿರೋದೇ ಅಷ್ಟು, ನೀಲಗಿರಿ, ಕುರುಚಲು ಗಿಡ, ಬಂಡೆ, ಸುತ್ತ ಎದ್ದಿರೋ ಅಪಾರ್ಟ್‌ಮೆಂಟ್. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂತ ಅರಣ್ಯ ಇಲಾಖೆ ಹೊರಟಾಗ ಸೈಕಲ್‌ನವರು, ಓಡೋರು, ಪಕ್ಷಿ ನೋಡೋರು, ಅಕ್ಕಪಕ್ಕದವರು ಎಲ್ಲ ಸೇರಿ ಗಲಾಟೆ ಮಾಡಿ ನಿಲ್ಲಿಸಿದ್ರು. 2022ರ ಡಿಸೆಂಬರ್‌ನಲ್ಲಿ ಚಿರತೆ ಕಾಣಿಸ್ಕೊಂಡ ಮೇಲೆ ಮಾತ್ರ ನಮ್ಮತ್ತೆ ಅಲ್ಲಿಗೆ ಒಬ್ಬಳೇ ಹೋಗೋದು ಬೇಡ ಅಂದ್ರು, ಅದಕ್ಕೆ ನಾವು ನಾಲ್ಕೈದು ಜನ ಹೆಂಗಸರು ಗುಂಪಾಗಿ, ಬೆಳಕು ಬಿಟ್ಟ ಮೇಲೇ ಒಳಗೆ ಹೋಗೋದು. (ಚಿರತೆಗೆ ನಮ್ಮ ಮಾತಿನ ಸದ್ದು ಕೇಳಿದ್ರೆ ಅದೇ ಓಡುತ್ತೆ ಅಂತ ಇವರ ಜೋಕು. ಪ್ರತಿ ವಾರ ಅದೇ ಜೋಕು.)

ರೋಡಲ್ಲಿ ಓಡೋರಿಗೆ ಟ್ರೇಲ್ ಓಟದ ಒಂದು ವಿಷಯ ಹೇಳಿದ್ರೆ ನಂಬಲ್ಲ. ಜೀವ ತೆಗೆಯೋದು ಹತ್ತೋದಲ್ಲ, ಇಳಿಯೋದು. ಹತ್ತುವಾಗ ಏದುಸಿರು ಬರುತ್ತೆ, ಎದೆ ಡವಡವ ಅನ್ನುತ್ತೆ, ನಿಂತ್ರೆ ಹೋಗುತ್ತೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದ ಆಗ್ತಾ ಆಗ್ತಾನೇ ಬಿಗಿ ಹಿಡೀಬೇಕು, ಪ್ರತಿ ಹೆಜ್ಜೆಗೂ ನಮ್ಮ ಭಾರಕ್ಕೆ ಬ್ರೇಕ್ ಹಾಕೋದು ಅದೇ. ಆ ಕೆಲಸದಲ್ಲಿ ಸ್ನಾಯುವಿನ ಎಳೆಗಳಲ್ಲಿ ಸಣ್ಣಸಣ್ಣ ಬಿರುಕು ಬೀಳುತ್ತೆ, ಆದ್ರೆ ನೋವು ಅವತ್ತೇ ಬರಲ್ಲ. ಇಪ್ಪತ್ನಾಲ್ಕು ಗಂಟೆ ಬಿಟ್ಟು ಶುರುವಾಗಿ, ಎರಡನೇ ಮೂರನೇ ದಿನಕ್ಕೆ ತಾರಕಕ್ಕೆ ಹೋಗುತ್ತೆ. ಅಂದ್ರೆ ಭಾನುವಾರ ಓಡಿದ್ದಕ್ಕೆ ಬಿಲ್ಲು ಬರೋದು ಸೋಮವಾರ, ಮಂಗಳವಾರ. ಭಾನುವಾರ ನಾನು ಚೆನ್ನಾಗೇ ಇರ್ತೀನಿ, ಹುಷಾರಾಗಿ ನಗ್ತಾ ಇರ್ತೀನಿ. ಸೋಮವಾರ ಬೆಳಗ್ಗೆ ಡಬ್ಬಿ ಕಟ್ಟೋ ಹೊತ್ತಲ್ಲಿ ಕೆಳಗಿನ ಕಪಾಟಿಂದ ಒಂದು ಪಾತ್ರೆ ತೆಗೀಬೇಕು ಅಂದ್ರೆ ಸಿಂಕ್ ಅಂಚು ಹಿಡ್ಕೊಂಡು ಕೂರ್ಬೇಕು. ಮನೆಯವರಿಗೆ ಅದು ಕಾಣೋದು ಅವತ್ತು. ಓಟ ಎಲ್ಲೋ ಕಾಡಲ್ಲಿ ಮುಗಿದಿರುತ್ತೆ, ಅದರ ನೋವು ಮಾತ್ರ ಕುಕ್ಕರ್ ಪಕ್ಕ ನಿಂತಿರುತ್ತೆ.

ಇದೇ ಮಳೆಗಾಲದಲ್ಲಿ ಒಂದು ಭಾನುವಾರ. ಮುಂಚಿನ ದಿನ ಶನಿವಾರ ಸಾವನದುರ್ಗದ ಕಡೆ ಹೋಗಿ ಬಂದಿದ್ವಿ, ಬಂಡೆ ಹತ್ತೋಕಲ್ಲ, ಕೆಳಗಿನ ದಾರಿಗಳಲ್ಲಿ ಉದ್ದ ಓಡೋಕೆ, ಭಾನುವಾರ ಬೆಳಗ್ಗೆ ಮತ್ತೆ ತುರಹಳ್ಳಿ. ಹೀಗೆ ಎರಡು ದಿನ ಬೆನ್ನುಬೆನ್ನಿಗೆ ಓಡೋದು 50 ಕೆಗೆ, ಅಂದ್ರೆ 50 ಕಿಲೋಮೀಟರ್ ಓಟಕ್ಕೆ, ತಯಾರಿ ಮಾಡೋರ ಪದ್ಧತಿ, ಸುಸ್ತಾದ ಕಾಲಲ್ಲಿ ಓಡೋದು ಅಭ್ಯಾಸ ಆಗ್ಲಿ ಅಂತ. ಮಧ್ಯಾಹ್ನ ಹನ್ನೆರಡಕ್ಕೆ ಇವರ ಚಿಕ್ಕಮ್ಮ, ಚಿಕ್ಕಪ್ಪ, ಅವರ ಮಗ ಸೊಸೆ ಎಲ್ಲ ಫೋನೂ ಮಾಡದೆ ಬಂದ್ರು, ಯಾರದೋ ಗೃಹಪ್ರವೇಶ ಇತ್ತಂತೆ ಉತ್ತರಹಳ್ಳೀಲಿ, ಹಾಗೇ ನೋಡ್ಕೊಂಡು ಹೋಗೋಣ ಅಂತ. ಊಟ ಅಲ್ಲೇ ಆಗಿತ್ತು, ಕಾಫಿ ಅಷ್ಟೇ ಸಾಕು ಅಂದ್ರು, ಕಾಫಿ ಅಷ್ಟೇ ಸಾಕು ಅಂದ್ರೆ ಏನರ್ಥ ಅಂತ ಎಲ್ಲರಿಗೂ ಗೊತ್ತು. ಬೋಂಡಾಗೆ ಆಲೂಗಡ್ಡೆ ಬೇಯೋಕಿಟ್ಟು ನಾನು ಅಡುಗೆಮನೆ ನೆಲದ ಮೇಲೆ ಗೋಡೆಗೊರಗಿ ಕಾಲು ಚಾಚಿ ಕೂತೆ. ಒಂದೇ ನಿಮಿಷ. ಅತ್ತೆ ಒಳಗೆ ಬಂದ್ರು, ನೋಡಿದ್ರು, "ಕಾಲು ನೋವೇನೇ?" ಅಂದ್ರು. ಹೂಂ ಅಂದೆ. "ಯಾರು ಓಡು ಅಂದ್ರು ನಿಂಗೆ?"

ಬೈಗುಳ ಅಲ್ಲ ಅದು. ಹೇಳ್ತಾ ಹೇಳ್ತಾನೇ ಅವರು ಈರುಳ್ಳಿ ಹೆಚ್ಚೋಕೆ ಕೂತಿದ್ರು. ನಿಜವಾಗ್ಲೂ ಅವರಿಗೆ ಗೊತ್ತಾಗ್ತಿರಲಿಲ್ಲ ಅನ್ಸುತ್ತೆ. ಅತ್ತೆ ಹುಟ್ಟಿ ಬೆಳೆದಿದ್ದು ಅರಸೀಕೆರೆ ಹತ್ರದ ಹಳ್ಳೀಲಿ, ಬಾವಿಯಿಂದ ನೀರು ಹೊತ್ತೋರು, ರಾಗಿ ಬೀಸಿದೋರು, ನೂರು ಜನದ ಅಡುಗೆಗೆ ನಿಂತೋರು. ನನಗಿಂತ ಹತ್ತು ಪಟ್ಟು ಸುಸ್ತಾಗಿದಾರೆ ಜೀವನದಲ್ಲಿ. ಆದ್ರೆ ಅವರ ಪ್ರತಿ ಸುಸ್ತಿಗೂ ಒಬ್ಬ ಯಜಮಾನ ಇದ್ದ, ಮಾವ ಅಂದ್ರು, ಹಬ್ಬ ಬಂತು, ಮಗು ಹುಟ್ತು, ನೆಂಟರು ಬಂದ್ರು. ಯಾರೂ ಹೇಳದೆ, ಯಾರಿಗೂ ಬೇಡದೆ, ದುಡ್ಡು ಕೊಟ್ಟು ಹೆಸರು ನೋಂದಾಯಿಸಿ ಸುಸ್ತಾಗೋದು ಅನ್ನೋದು ಅವರ ಲೆಕ್ಕದ ಪುಸ್ತಕದಲ್ಲಿ ಯಾವ ಕಾಲಮ್ಮಿಗೂ ಬರಲ್ಲ.

ಆವತ್ತಿಂದ ನಾನು ಮನೇಲಿ ಯಾರ ಸುಸ್ತಿಗೆ ಏನು ಮರ್ಯಾದೆ ಸಿಗುತ್ತೆ ಅಂತ ನೋಡೋಕೆ ಶುರು ಮಾಡಿದೆ. ಬೆಂಗಳೂರಲ್ಲಿ ಎಲ್ಲಕ್ಕಿಂತ ಮರ್ಯಾದೆ ಇರೋ ಸುಸ್ತು ಟ್ರಾಫಿಕ್ ಸುಸ್ತು. ಇವರು ಔಟರ್ ರಿಂಗ್ ರೋಡಲ್ಲಿ ಎರಡು ಗಂಟೆ ಎಸಿ ಕಾರಲ್ಲಿ ಕೂತು ಮನೆಗೆ ಬಂದ್ರೆ ಇಡೀ ಮನೆ ತಗ್ಗಿದ ದನೀಲಿ ಮಾತಾಡುತ್ತೆ, "ಪಾಪ, ಸಿಲ್ಕ್ ಬೋರ್ಡಲ್ಲಿ ಸಿಕ್ಕಾಕೊಂಡಿದ್ದ." ಮಗಳಿಗೆ ಪರೀಕ್ಷೆ ಸುಸ್ತು, ಅದಕ್ಕೆ ಬಾದಾಮಿ ಹಾಲು. ಜ್ವರದ ಸುಸ್ತಿಗೆ ಗಂಜಿ. ನನ್ನ ಆಫೀಸ್ ಸುಸ್ತಿಗೂ ಪರವಾಗಿಲ್ಲ, ಸ್ವಲ್ಪ ಜಾಗ ಇದೆ, ತಿಂಗಳ ಕೊನೇಲಿ ಸಂಬಳ ಬರುತ್ತಲ್ಲ. ಓಡಿದ ಸುಸ್ತು ಮಾತ್ರ ನಾನೇ ಕೊಂಡು ತಂದ ಸಾಮಾನು, ನಾನೇ ಹೊತ್ಕೋಬೇಕು. ಅದನ್ನ ತೋರಿಸ್ಕೊಂಡ್ರೆ "ಅದಕ್ಕೇ ಹೇಳಿದ್ದು." ಹಾಗಾಗಿ ಓಡೋ ಹೆಂಗಸರೆಲ್ಲ ಒಂದು ವಿದ್ಯೆ ಕಲ್ತಿರ್ತಾರೆ, ನಾವು ಗುಂಪಲ್ಲಿ ಇದನ್ನೇ ಮಾತಾಡ್ಕೊಂಡು ನಗ್ತೀವಿ, ಓಡಿ ಬಂದ ದಿನ ಎಂದಿಗಿಂತ ಜಾಸ್ತಿ ಕೆಲಸ ಮಾಡೋದು. ಒಬ್ಬಳು ಅವತ್ತೇ ಫ್ರಿಜ್ ಕ್ಲೀನ್ ಮಾಡ್ತಾಳೆ. ಇನ್ನೊಬ್ಬಳು ಬಿಸಿಬೇಳೆಬಾತ್‌ಗಿಂತ ಕಡಿಮೆ ಏನೂ ಮಾಡಲ್ಲ. ಯಾರೂ ಕೇಳಿರಲ್ಲ. ಮುಂದಿನ ವಾರದ ಓಟಕ್ಕೆ ಅಡ್ವಾನ್ಸ್ ಅದು.

ಎಂಟುನೂರು ಮೀಟರ್

ಹೆಂಗಸರ ಸುಸ್ತಿನ ಬಗ್ಗೆ ಇರೋ ಕಸಿವಿಸಿ ನಮ್ಮನೆ ಅಡುಗೆಮನೆಗೆ ಮಾತ್ರ ಸೀಮಿತ ಅಲ್ಲ. 1928ರ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ಸಲ್ಲಿ ಮೊದಲ ಸಲ ಹೆಂಗಸರಿಗೆ ಅಥ್ಲೆಟಿಕ್ಸ್‌ನಲ್ಲಿ ಅವಕಾಶ ಸಿಕ್ತು, 800 ಮೀಟರ್ ಓಟನೂ ಇತ್ತು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಲ್ಲಿ ಗೆದ್ದಳು, ವಿಶ್ವದಾಖಲೆ. ಮುಗಿಸಿದ ಮೇಲೆ ಕೆಲವರು ಟ್ರ್ಯಾಕ್ ಪಕ್ಕ ಬಿದ್ಕೊಂಡು ಸುಧಾರಿಸ್ಕೊಂಡ್ರು, 800 ಮೀಟರ್ ಜೀವ ಬಿಟ್ಟು ಓಡಿದ್ರೆ ಯಾರು ತಾನೇ ಬೀಳಲ್ಲ. ಆದ್ರೆ ಪತ್ರಿಕೆಗಳು ಹೆಂಗಸರು ಕುಸಿದು ಬಿದ್ದರು, ನೋಡೋಕಾಗ್ಲಿಲ್ಲ ಅಂತ ಇದ್ದದ್ದಕ್ಕಿಂತ ಹೆಚ್ಚು ಬಣ್ಣ ಕಟ್ಟಿ ಬರೆದವು. ಆ ಓಟನ ಒಲಿಂಪಿಕ್ಸಿಂದಲೇ ತೆಗೆದ್ರು. ವಾಪಸ್ ಬಂದಿದ್ದು 1960ರಲ್ಲಿ, ರೋಮಲ್ಲಿ. ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ಗಂಡಸರು ಒಲಿಂಪಿಕ್ಸಲ್ಲಿ ಬಿದ್ದಿದ್ದಕ್ಕೆ ಲೆಕ್ಕನೇ ಇಲ್ಲ, ಅದಕ್ಕೆ ಛಲ ಅಂತ ಹೆಸರು. ಹೆಂಗಸರು ಓಡಿದ್ದು ತಪ್ಪು ಅಂತ ಅವರಿಗೆ ಅನ್ನಿಸಿರಲಿಕ್ಕಿಲ್ಲ, ಓಡಿ ಸುಸ್ತಾಗಿದ್ದು ಕಾಣಿಸ್ತಲ್ಲ, ಅದು ಸಹಿಸ್ಕೊಳ್ಳೋಕಾಗ್ಲಿಲ್ಲ ಅನ್ನೋದು ನನ್ನ ಓದು.

ಇನ್ನೊಂದು ಫೋಟೋ. ನೀವೂ ನೋಡಿರ್ತೀರ, ನಮ್ಮ ವಾಟ್ಸಾಪ್ ಗ್ರೂಪಲ್ಲಿ ಮಹಿಳಾ ದಿನಕ್ಕೊಮ್ಮೆ, ಅಮ್ಮಂದಿರ ದಿನಕ್ಕೊಮ್ಮೆ ತಪ್ಪದೆ ಬರುತ್ತೆ. 2018ರ ಯುಟಿಎಂಬಿ ರೇಸು, ಆಲ್ಪ್ಸ್‌ನ ಮೋಂ ಬ್ಲಾಂ ಪರ್ವತದ ಸುತ್ತ 170 ಕಿಲೋಮೀಟರ್‌ಗೂ ಹೆಚ್ಚು, ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರು ದೇಶದ ನೆಲ ತುಳಿದು. ಇಟಲಿಯ ಕೂರ್ಮಯೋರ್ ಚೆಕ್‌ಪಾಯಿಂಟಲ್ಲಿ ಬ್ರಿಟನ್ನಿನ ಸೋಫಿ ಪವರ್ ಮೂರು ತಿಂಗಳ ಮಗುಗೆ ಹಾಲು ಕುಡಿಸ್ತಾ ಕೂತಿದಾರೆ. ಪಕ್ಕದಲ್ಲಿ ಒಬ್ಬ ಗಂಡಸು ಓಟಗಾರ ಅಂಗಾತ ಮಲಗಿದಾನೆ. ಎಲ್ಲರೂ ಇದನ್ನ ಸೂಪರ್ ಅಮ್ಮ ಅಂತ ಕಳಿಸ್ತಾರೆ. ನಂಗೆ ಅದನ್ನ ನೋಡಿದಾಗಲೆಲ್ಲ ಸಿಟ್ಟೇ ಬರೋದು. ಅವರು ಅವತ್ತು ಯಾಕೆ ಓಡಿದ್ರು ಗೊತ್ತಾ, ಹಿಂದೊಮ್ಮೆ ಬಸುರಿ ಆದಾಗ ಸಿಕ್ಕಿದ್ದ ಜಾಗ ಕಳ್ಕೊಂಡಿದ್ರು. ಗಾಯ ಆದ್ರೆ ಮುಂದಿನ ವರ್ಷಕ್ಕೆ ಹಾಕೋಕೆ ನಿಯಮ ಇತ್ತು, ಬಸುರಿಗೆ ಇರಲಿಲ್ಲ. ಈ ಸಲ ಬಿಟ್ರೆ ಮತ್ತೆ ಹೋಗುತ್ತೆ ಅಂತ ಹೋದ್ರು. ಆಮೇಲೆ ಅವರೇ ಜಗಳ ಆಡಿ ಬೇರೆಬೇರೆ ರೇಸ್‌ಗಳ ನಿಯಮ ಬದಲಾಯಿಸೋ ಕೆಲಸಕ್ಕೆ ಕೂತ್ರು, ಅದು ದೊಡ್ಡ ವಿಷಯ. ಫಾರ್ವರ್ಡ್ ಆಗೋದು ಮಾತ್ರ ಹಾಲು ಕುಡಿಸೋದು. ನಾನು ನೋಡೋದು ಆ ಮಲಗಿದ ಮನುಷ್ಯನ್ನ. ಅವನ ಮೇಲೆ ನಂಗೇನೂ ಕೋಪ ಇಲ್ಲ, ಪಾಪ ಸುಸ್ತಾಗಿದೆ, ಮಲಗಿದಾನೆ. ಹಾಗೆ ಮಲಗೋದು ಎಷ್ಟು ಸುಲಭ ಅವನಿಗೆ ಅಂತ ಮಾತ್ರ ನೋಡ್ತಾ ಕೂರ್ತೀನಿ.

ನವರಾತ್ರಿ ಅನ್ನೋ ಟೇಪರ್

ಈ ಸಲ ಹೆಸರು ಕೊಟ್ಟಿರೋದು ಚಿಕ್ಕಮಗಳೂರು ಕಡೆ ಕಾಫಿ ತೋಟಗಳ ಒಳಗೆ ನಡೆಯೋ 50 ಕೆಗೆ, ವಿಜಯದಶಮಿ ಕಳೆದು ಬರೋ ವಾರಾಂತ್ಯ. ಚಿತ್ತೆ ಮಳೆ ಕಾಲ, ತೋಟದಲ್ಲಿ ಅರೇಬಿಕಾ ಹಣ್ಣು ಕೆಂಪಾಗೋಕೆ ಶುರು, ಜಿಗಣೆ ಇನ್ನೂ ಇರುತ್ತೆ. ಜಿಗಣೆಗೆ ಉಪ್ಪು, ಬೇವಿನೆಣ್ಣೆ, ನಶ್ಯ, ಒಬ್ಬೊಬ್ಬರದು ಒಂದೊಂದು ಔಷಧ, ಯಾವುದೂ ಪೂರ್ತಿ ಕೆಲಸ ಮಾಡಲ್ಲ. ಅದಿರ್ಲಿ. ತೊಂದರೆ ಜಿಗಣೆಯದಲ್ಲ, ಪಂಚಾಂಗದ್ದು.

ರೇಸಿಗೆ ಮುಂಚಿನ ಎರಡು ಮೂರು ವಾರಕ್ಕೆ ಟೇಪರ್ ಅಂತಾರೆ. ಅಷ್ಟು ತಿಂಗಳು ಓಡಿ ದಣಿಸಿದ ದೇಹ ರಿಪೇರಿ ಮಾಡ್ಕೊಳ್ಳೋಕೆ ಬಿಡೋ ಕಾಲ. ಓಡೋ ದೂರ ಸುಮಾರು ಅರ್ಧಕ್ಕೆ ಇಳಿಸ್ಬೇಕು, ವೇಗದ ಓಟ ಒಂದೆರಡು ಉಳಿಸ್ಕೋಬೇಕು, ಚೆನ್ನಾಗಿ ನಿದ್ದೆ ಮಾಡ್ಬೇಕು, ಕಾಲಿಗೆ ವಿಶ್ರಾಂತಿ. ನನ್ನ ಟೇಪರ್ ಬರೋಬ್ಬರಿ ನವರಾತ್ರಿ ಮೇಲೆ ಬಂದು ಕೂತಿದೆ. ನಮ್ಮನೇಲಿ ಗೊಂಬೆ ಕೂರಿಸ್ತಾರೆ. ಅಟ್ಟದ ಮೇಲಿಂದ ಟ್ರಂಕ್ ಇಳಿಸೋದು, ಪಟ್ಟದ ಗೊಂಬೆಗೆ ಹೊಸ ಸೀರೆ, ಮೆಟ್ಟಿಲು ಜೋಡಿಸೋದು, ದಿನಾ ಸಂಜೆ ಒಂದು ಉಸ್ಲಿ, ಒಂದು ಸಿಹಿ, ಬರೋ ಹೆಂಗಸರಿಗೆ ಕುಂಕುಮ ತಾಂಬೂಲ, ಮಕ್ಕಳಿಗೆ ಚರ್ಪು. ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ನಿಂತೇ ಇರೋದು. ಅಲ್ಟ್ರಾ (ಮ್ಯಾರಥಾನ್‌ಗಿಂತ ಉದ್ದದ ಓಟ) ಓಡೋರ ಬಾಯಲ್ಲಿ ಟೈಮ್ ಆನ್ ಫೀಟ್ ಅಂತ ಒಂದು ಮಾತಿದೆ, ಎಷ್ಟು ಕಿಲೋಮೀಟರ್ ಅನ್ನೋದಕ್ಕಿಂತ ಎಷ್ಟು ಹೊತ್ತು ಕಾಲ ಮೇಲೆ ಇದ್ದೆ ಅನ್ನೋದು ಮುಖ್ಯ ಅಂತ. ಆ ಲೆಕ್ಕದಲ್ಲಿ ನಮ್ಮ ತಾಯಂದಿರೆಲ್ಲ ಪ್ರತಿ ಆಶ್ವಯುಜಕ್ಕೂ ಒಂದೊಂದು ಅಲ್ಟ್ರಾ ಮುಗಿಸಿದೋರೇ, ಮೆಡಲ್ ಕೊಡೋರು ಇರಲಿಲ್ಲ.

ಅತ್ತೆ ಹತ್ರ ಹೋಗಿ, ಈ ಸಲ ನಂಗೆ ನವರಾತ್ರೀಲಿ ರೆಸ್ಟ್ ಬೇಕು ಅಂತ ಹೇಗೆ ಹೇಳೋದು? ಓಡೋಕೆ ಟೈಮ್ ಬೇಕು ಅಂತ ಕೇಳೋದು ಸುಲಭ. ಏನೂ ಮಾಡದೆ ಇರೋಕೆ ಟೈಮ್ ಬೇಕು ಅಂತ ಕೇಳೋದಿದೆಯಲ್ಲ, ನಾಲಿಗೆ ತಿರುಗಲ್ಲ. ಕೊನೆಗೆ ಇವರ ಹತ್ರ ಹೇಳಿದೆ, ಗೊಂಬೆ ಇರ್ಲಿ, ನಾನೇ ಜೋಡಿಸ್ತೀನಿ, ನಂಗೂ ಅದು ಇಷ್ಟ, ಆದ್ರೆ ಉಸ್ಲಿ ನಿಮ್ದು. ಒಂಬತ್ತು ದಿನದ್ದೂ. ಇವರು ಮೊದಲು ನಕ್ಕರು, ಆಮೇಲೆ ಯಾವ ಕಾಳು ಎಷ್ಟು ಹೊತ್ತು ನೆನೀಬೇಕು ಅಂತ ಫೋನಲ್ಲಿ ಟೈಪ್ ಮಾಡ್ಕೊಂಡ್ರು. ಅತ್ತೆ ಒಂದು ದಿನ ಮಾತಾಡ್ಲಿಲ್ಲ. ಮಾರನೇ ದಿನ "ಕಡ್ಲೆಕಾಳಿಗೆ ಅಡುಗೆ ಸೋಡಾ ಹಾಕ್ಬೇಡ ಅಂತ ಹೇಳು ಅವನಿಗೆ" ಅಂದ್ರು. ಅದನ್ನ ಒಪ್ಪಿಗೆ ಅಂತಲೇ ತಗೊಂಡಿದೀನಿ.

ಒಂದೇ ಕಲ್ಲಿಗೆ ಎರಡು ಹಕ್ಕಿ

ಇನ್ನು ರಜೆ. ದಸರಾ ರಜೆ ಬಂದ್ರೆ ಮನೇಲಿ ಮೂರು ಪಾರ್ಟಿ. ಮಗಳಿಗೆ ಸಮುದ್ರ. ಅತ್ತೆಗೆ ಹೊರನಾಡು, ಶೃಂಗೇರಿ, ಕಳಸ. ಇವರಿಗೆ ಎಲ್ಲಾದ್ರೂ ಸರಿ, ಹಾಸಿಗೆ ಇದ್ರೆ ಸಾಕು. ಬೇರೆಯವರು ಪ್ಲಾನ್ ಮಾಡಿದ್ದಕ್ಕೆ ಹೂಂ ಅನ್ನೋರು ಇವರು, ಆದ್ರೆ ಈ ಸಲ ಅಪರೂಪಕ್ಕೆ ಪ್ಲಾನ್ ಹೇಳಿದ್ರು. "ಹೇಗೂ ಚಿಕ್ಕಮಗಳೂರಿಗೆ ಹೋಗ್ತೀಯ. ಎಲ್ಲರೂ ಹೋಗೋಣ. ನೀನು ಓಡ್ತಿರು, ನಾವು ಅಮ್ಮನ್ನ ಹೊರನಾಡಿಗೆ ಕರ್ಕೊಂಡು ಹೋಗಿ ಬರ್ತೀವಿ. ಸಂಜೆ ಫಿನಿಷ್ ಲೈನಲ್ಲಿ ನಿಂತ್ಕೋತೀವಿ. ಮಾರನೇ ದಿನ ಮುಳ್ಳಯ್ಯನಗಿರಿ." ಖರ್ಚು ಒಂದೇ, ರಜೆ ಒಂದೇ, ಪೆಟ್ರೋಲ್ ಒಂದೇ. ಕೇಳಿದೋರೆಲ್ಲ ಎಷ್ಟು ಒಳ್ಳೇ ಐಡಿಯಾ, ಎಷ್ಟು ಒಳ್ಳೇ ಗಂಡ ಅಂದ್ರು. ನಾನು ಬೇಡ ಅಂದೆ. ಈ ಬರಹದ ಅರ್ಧ ಕಾರಣ ಆ ಬೇಡ. ಅದನ್ನ ಬಿಡಿಸಿ ಹೇಳೋಕೆ ಮನೇಲಿ ಆಗ್ಲಿಲ್ಲ.

ನಂದಿಬೆಟ್ಟದ್ದು ನೆನಪಾಗುತ್ತೆ. ಹೋದ ವರ್ಷ ಚಳಿಗಾಲದಲ್ಲಿ ಇಂಥದೇ ಒಂದು ಜೋಡಿ ಪ್ಲಾನ್ ಆಗಿತ್ತು. ನಂದಿ 1,478 ಮೀಟರ್ ಎತ್ತರ, ಸುಲ್ತಾನ್‌ಪೇಟೆ ಕಡೆಯಿಂದ ಸಾವಿರಕ್ಕೂ ಹೆಚ್ಚು ಹಳೇ ಕಲ್ಲಿನ ಮೆಟ್ಟಿಲು ಇದೆ, ಹತ್ತಿ ಇಳಿದು ಹತ್ತಿ ಇಳಿದು ಮಾಡೋಕೆ ಬೆಂಗಳೂರಿನ ಟ್ರೇಲ್‌ನವರಿಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ನಾನು ಮೆಟ್ಟಿಲಲ್ಲಿ, ಅವರೆಲ್ಲ ಕಾರಲ್ಲಿ ರೋಡಿಂದ, ಮೇಲೆ ಯೋಗನಂದೀಶ್ವರನ ಹತ್ರ ಸಿಗೋದು, ಚಿತ್ರಾನ್ನ ತಿನ್ನೋದು. ಭಾನುವಾರ ನಂದಿ ರೋಡ್ ಹೇಗಿರುತ್ತೆ ಅಂತ ಗೊತ್ತಲ್ಲ. ನಾನು ಒಂದು ಸಲ ಮೇಲೆ ಹೋದೆ, ಅವರಿಲ್ಲ. ಫೋನ್ ಮಾಡಿದ್ರೆ ತಿರುವಲ್ಲಿ ಸಾಲು ನಿಂತಿದೆ ಅಂದ್ರು. ಕೆಳಗೆ ಇಳಿದು ಮತ್ತೆ ಹತ್ತಿದೆ. ಆಗ ಬಂದಿದ್ರು, ಮಗಳಿಗೆ ಆ ತಿರುವುಗಳಲ್ಲಿ ವಾಂತಿ ಆಗಿತ್ತು, ಅತ್ತೆ ದೇವಸ್ಥಾನದ ಜಗಲಿ ಮೇಲೆ ಡಬ್ಬಿಗಳನ್ನ ಸಾಲಾಗಿ ಇಟ್ಕೊಂಡು ಕೋತಿಗಳನ್ನ ಓಡಿಸ್ತಾ ಕೂತಿದ್ರು. ನಂಗೆ ಇನ್ನೊಂದು ಸುತ್ತು ಬಾಕಿ. ಅವರಿಗೆ ಹಸಿವು. ಬಟ್ಟೆ ಎಲ್ಲ ಬೆವರು, ಮೇಲೆ ಗಾಳಿ ತಣ್ಣಗೆ ಹೊಡೀತಿದೆ, ನಡುಗ್ತಾ ಕೂತು ಚಿತ್ರಾನ್ನ ತಿಂದೆ, ರುಚಿಯಾಗಿತ್ತು, ನಿಜ ಹೇಳ್ಬೇಕು. ಆಮೇಲೆ ಆ ಚಿತ್ರಾನ್ನ ಹೊಟ್ಟೇಲಿ ಇಟ್ಕೊಂಡು ಮೆಟ್ಟಿಲು ಇಳಿದಿದ್ದನ್ನ ಹೇಳಲ್ಲ. ಅತ್ತೆ ಫೋಟೋದಲ್ಲಿ ಎಲ್ಲರೂ ಇದೀವಿ. ನಾನು ಮಾತ್ರ ಫೋಟೋದಲ್ಲಿ ವಾಚ್ ನೋಡ್ತಿದೀನಿ.

ಹಾಗಂತ ಅವತ್ತು ಯಾರದೂ ತಪ್ಪಿಲ್ಲ. ಓಡೋರ ಗಡಿಯಾರನೇ ಬೇರೆ, ಪ್ರವಾಸ ಬಂದವರ ಗಡಿಯಾರನೇ ಬೇರೆ, ಅಷ್ಟೇ. ರೇಸ್ ದಿನ ಅದು ಇನ್ನೂ ಕೆಡುತ್ತೆ. 50 ಕೆ ಟ್ರೇಲ್ ನನ್ನಂಥೋರಿಗೆ ಒಂದು ಪೂರ್ತಿ ಹಗಲು. ಅಲ್ಲಿ ಕಟಾಫ್ ಇರುತ್ತೆ, ಇಷ್ಟು ಹೊತ್ತೊಳಗೆ ಈ ಏಡ್ ಸ್ಟೇಷನ್ (ದಾರೀಲಿ ನೀರು, ತಿಂಡಿ ಕೊಡೋ ಜಾಗ) ದಾಟಿಲ್ಲ ಅಂದ್ರೆ ಬಿಬ್ ಕಿತ್ಕೊಂಡು ಜೀಪಲ್ಲಿ ಕೂರಿಸ್ತಾರೆ. ತೋಟದ ಒಳಗೆ ಫೋನ್ ಸಿಗ್ನಲ್ ಸಿಕ್ಕಿದ್ರೆ ಸಿಕ್ತು. ಆ ಹೊತ್ತಲ್ಲಿ ನನ್ನ ತಲೇಲಿ ಮುಂದಿನ ಇಳಿಜಾರು, ನೀರು, ಉಪ್ಪಿನ ಮಾತ್ರೆ ಇರ್ಬೇಕು. ಕಾರಲ್ಲಿ ಮನೆಯವರು ಇದ್ರೆ ಏನಿರುತ್ತೆ ಅಂತ ನಂಗೆ ಗೊತ್ತು, ಹೊರನಾಡಲ್ಲಿ ಊಟ ಆಯ್ತಾ, ಘಾಟ್ ತಿರುವಲ್ಲಿ ಮಗಳಿಗೆ ಮತ್ತೆ ವಾಂತಿ ಆಯ್ತಾ, ಅತ್ತೆ ಬಿಪಿ ಮಾತ್ರೆ ಬ್ಯಾಗಿನ ಯಾವ ಜೇಬಲ್ಲಿದೆ ಅಂತ ಇವರಿಗೆ ಹೇಳಿದ್ನಾ. ಮನೆಯವರನ್ನ ಕರ್ಕೊಂಡು ಹೋಗೋ ಪ್ರವಾಸ ಅನ್ನೋದು ನಮ್ಮ ಕಡೆ ಹೆಂಗಸರಿಗೆ ಒಂದು ಉದ್ಯೋಗ. ಆ ಉದ್ಯೋಗನೂ ಮಾಡಿ 50 ಕೆನೂ ಓಡು ಅನ್ನೋದನ್ನ ಪ್ರೀತಿಯಿಂದಲೇ ಹೇಳ್ತಾರೆ, ಅದೇ ಕಷ್ಟ.

ಮತ್ತೆ ಫಿನಿಷ್ ಲೈನ್ ವಿಷಯ. ಇದನ್ನ ಬರೆದ್ರೆ ಬೇಜಾರು ಮಾಡ್ಕೋತಾರೇನೋ, ಆದ್ರೂ ಬರೀತೀನಿ. ಫಿನಿಷ್ ಲೈನಲ್ಲಿ ನಂಗೆ ಮನೆಯವರು ಬೇಡ. ಅಲ್ಲಿ ಮನೆಯವರನ್ನ ನೋಡಿ ಅಳೋರನ್ನ ನೋಡಿದೀನಿ, ಚೆನ್ನಾಗಿರುತ್ತೆ. ನಂಗೆ ಬೇಕಿರೋದು ಮುಗಿಸಿದ ತಕ್ಷಣ ಹುಲ್ಲಿನ ಮೇಲೆ ಬಿದ್ಕೊಳ್ಳೋದು, ಬಾಯಿ ತೆಗೆದು, ಕೆಸರಲ್ಲಿ, ಜಿಗಣೆ ಕಚ್ಚಿದ ರಕ್ತದ ಕಾಲಲ್ಲಿ. ನನ್ನ ನೋಡಿ ಯಾರ ಮುಖನೂ ಸಣ್ಣ ಆಗಬಾರದು. ನಾನೂ ಯಾರನ್ನೋ ನೋಡಿ ಏನಿಲ್ಲ ಏನಿಲ್ಲ ಚೆನ್ನಾಗಿದೀನಿ ಅಂತ ಎದ್ದು ಕೂರಬಾರದು. ಮಗಳು "ನಾನಾದ್ರೂ ಬರ್ಲಾ ಅಮ್ಮ? ನಾನೇನೂ ಅನ್ನಲ್ಲ" ಅಂದಾಗ ಮಾತ್ರ ನಂಗೆ ಉತ್ತರ ಸಿಗಲಿಲ್ಲ. ಅವಳು ಅಮ್ಮ ಬಿದ್ಕೊಂಡಿರೋದನ್ನ ನೋಡ್ಬೇಕೋ ಏನೋ. ನೋಡಿದ್ರೆ ಒಳ್ಳೇದೇ ಇರಬಹುದು. ಮುಂದಿನ ವರ್ಷ ನೋಡೋಣ ಅಂದೆ, ಅವಳು ಅದನ್ನ ಕ್ಯಾಲೆಂಡರಲ್ಲಿ ಬರೆದಿಟ್ಟಿದಾಳೆ.

ಕೊನೆಗೆ ಆಗಿದ್ದು

ರೇಸಿಗೆ ನಾವು ಗುಂಪಿನ ಹೆಂಗಸರು ಕೆಎಸ್ಆರ್‌ಟಿಸಿ ಬಸ್ಸಲ್ಲಿ ಹೋಗಿ ಬರೋದು. ಹೊರನಾಡು, ಶೃಂಗೇರಿ ಅತ್ತೆ ತಮ್ಮ ತಂಗಿ ಜೊತೆ ಕಾರ್ತೀಕದಲ್ಲಿ. ಮನೆಯವರ ರಜೆ ರೇಸ್ ಮುಗಿದ ಮಾರನೇ ದಿನ ಸಂಜೆ ಶುರು, ಮಗಳ ಸಮುದ್ರ, ಗೋಕರ್ಣ, ಕಾರವಾರದ ರೈಲು, ಸ್ಕೂಲ್ ತೆರೆಯೋದಕ್ಕೆ ಇನ್ನೂ ನಾಲ್ಕು ದಿನ ಇರುತ್ತೆ. ಅಲ್ಲಿಗೆ ಓಡೋ ಶೂ ತರಲ್ಲ ಅಂತ ನಾನೇ ಹೇಳಿದೀನಿ. (ಬೆಳಗ್ಗೆ ಬೀಚಲ್ಲಿ ಸ್ವಲ್ಪ ಅಂತ ಶುರು ಮಾಡಿ ಒಂಬತ್ತಕ್ಕೆ ಬರೋ ಗಂಡಂದಿರನ್ನ ಹೋಮ್‌ಸ್ಟೇಗಳಲ್ಲಿ ನೋಡಿದೀನಿ, ಅವರ ಹೆಂಡತಿಯರ ಮುಖನೂ ನೋಡಿದೀನಿ.) 2024ರ ನವೆಂಬರ್‌ನಿಂದ ರೈಲು ರಿಸರ್ವೇಷನ್ 120 ದಿನದ ಬದಲು 60 ದಿನ ಮುಂಚೆ ಅಷ್ಟೇ ತೆಗೆಯೋದು, ಅವತ್ತು ಬೆಳಗ್ಗೆ ಎಂಟಕ್ಕೆ ಇವರೂ ನಾನೂ ಎರಡು ಫೋನ್ ಹಿಡ್ಕೊಂಡು ಕೂತು ಟಿಕೆಟ್ ಮಾಡಿದ್ವಿ. ಅತ್ತೆಗೆ ಹಿರಿಯ ನಾಗರಿಕರ ಕೋಟಾದಲ್ಲಿ ಲೋಯರ್ ಬರ್ತ್ ಸಿಕ್ತು. 45 ದಾಟಿದ ಹೆಂಗಸರಿಗೂ, ಬಸುರಿಯರಿಗೂ ಆ ಕೋಟಾ ಇದೆ, ನಂಗೆ ಎರಡೂ ಅನ್ವಯಿಸಲ್ಲ, ಅಪ್ಪರ್ ಬರ್ತ್ ಬಂದಿದೆ. ಹಿಂದಿನ ದಿನ 50 ಕೆ ಇಳಿದ ತೊಡೆ ಇಟ್ಕೊಂಡು ಆ ಏಣಿ ಹತ್ತೋದು. ಇದನ್ನ ನಾನು ಜೋರಾಗಿ ಹೇಳ್ಕೊಂಡೆ, ಮನೇಲಿ, ಎಲ್ಲರ ಮುಂದೆ. ಯಾರು ಓಡು ಅಂದ್ರು ಅಂತ ಯಾರಾದ್ರೂ ಅಂತಾರಾ ಅಂತ ಕಾದೆ. ಮಗಳು "ನನ್ನ ಮಿಡ್ಲ್ ತಗೋ" ಅಂದ್ಲು. ಇವರು "ಮಿಡ್ಲೂ ಕಷ್ಟನೇ, ಸೈಡ್ ಲೋಯರ್ ನಂದು ಕೊಡ್ತೀನಿ" ಅಂದ್ರು. ಅತ್ತೆ ಟಿವಿ ನೋಡ್ತಿದ್ರು.

ಹೋದ ವಾರ ಗೋಕರ್ಣದ ಹೋಮ್‌ಸ್ಟೇಗೆ ಫೋನ್ ಮಾಡಿದೆ. ಕುಡ್ಲೆ ಬೀಚ್ ಕಡೆ ಎಲ್ಲ ಮೆಟ್ಟಿಲೋ ಮೆಟ್ಟಿಲು, ಅದಕ್ಕೆ ಊರ ಕಡೆ ಒಂದು ಮನೆ. ಎರಡು ರೂಮು, ಒಂದು ಕೆಳಗೆ ಒಂದು ಮೇಲೆ, ಅಂದ್ರು. ಕೆಳಗಿನದು ನಮಗೆ ಖಂಡಿತ ಬೇಕು, ಮೆಟ್ಟಿಲು ಹತ್ತೋಕಾಗಲ್ಲ ಅಂದೆ.

"ವಯಸ್ಸಾದವರು ಇದಾರಾ ಮೇಡಂ?"

"ಅತ್ತೆ ಇದಾರೆ, ಎಪ್ಪತ್ತೆರಡು. ಅವರು ಮೇಲೆ ಮಗಳ ಜೊತೆ ಇರ್ತಾರೆ, ಮೊಣಕಾಲು ಗಟ್ಟಿ ಇದೆ. ಕೆಳಗಿನ ರೂಮು ನಂಗೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಆಯ್ತು ಮೇಡಂ, ಅಡ್ವಾನ್ಸ್ ಕಳ್ಸಿ, ಪಾಶ್ಚಾತ್ಯ ಟಾಯ್ಲೆಟ್ಟೂ ಕೆಳಗಿನದ್ರಲ್ಲೇ ಇರೋದು, ಅಂದ್ರು.